ಎಲ್ಲರೂ ‘ಮಸ್ತ್’ ಅಂತಾರೆ, ನಮ್ಮ ಕಿರುಚಿತ್ರದ ತಪ್ಪು ಹೇಳುವವರು ಯಾರು?

ಹಿನ್ನೀರ ದಂಡೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ್ರೀ. ನಾವು ಐದು ಜನ ಗೆಳೆಯರು ಸೇರಿ 16 ನಿಮಿಷದ ಒಂದು ಕಿರುಚಿತ್ರ ಮಾಡಿದ್ದೇವೆ. ಒಬ್ಬ ಮದುವೆ ಫೋಟೊ ತೆಗೆಯುವವ, ಒಬ್ಬ ಮೊಬೈಲ್ ರಿಪೇರಿ, ಇಬ್ಬರು ಇನ್ನೂ ಕಾಲೇಜು, ನಾನು ಔಷಧಿ ಅಂಗಡಿಯಲ್ಲಿ ಕೆಲಸ. ಮೇ ತಿಂಗಳ ನಾಲ್ಕು ಭಾನುವಾರ ಶೂಟಿಂಗ್. ಖರ್ಚು ಒಟ್ಟು 11,400 ರೂಪಾಯಿ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಊಟ, ಚಹಾ, ಪೆಟ್ರೋಲಿಗೇ ಹೋಯಿತು. ಕ್ಯಾಮೆರಾ ಅಂದರೆ ನಮ್ಮ ಮೊಬೈಲೇ.

ಕಥೆ ಇಷ್ಟೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆ ಮುಳುಗಡೆಯಾದಾಗ ಒಬ್ಬ ಅಜ್ಜ ತನ್ನ ಮನೆಯ ಸಾಗವಾನಿ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರಕ್ಕೆ ತಂದಿದ್ದಾನೆ. ಹೊಸ ಮನೆಗೆ ಅದು ಕೂರಲಿಲ್ಲ, ಅಗಲ ಜಾಸ್ತಿ. ಇಪ್ಪತ್ತು ವರ್ಷದಿಂದ ಮಾಳಿಗೆ ಮೇಲೆ ತಾಡಪತ್ರಿ ಹೊದ್ದು ಮಲಗಿದೆ. ಮೊಮ್ಮಗ ಅದನ್ನು ಮಾರಲು ಗಿರಾಕಿ ಹುಡುಕುತ್ತಾನೆ. ಕೊನೆಗೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಜ್ಜ ಹಳೆ ಮನೆಯ ಪಾಯ ಹುಡುಕಿಕೊಂಡು ಹೋಗಿ, ಹೊಸ್ತಿಲು ಇದ್ದ ಜಾಗದಲ್ಲಿ ನಿಲ್ಲುತ್ತಾನೆ.

ಈಗ ಎರಡು ತೊಂದರೆ. ಒಂದು, ಯಾರಿಗೆ ತೋರಿಸಿದರೂ "ಮಸ್ತ್ ಆಗೇತಿ ಬಿಡು", "ಕಣ್ಣಾಗ ನೀರು ಬಂತು" ಅಂತಾರೆ. ನಮ್ಮ ಅತ್ತೆ ಎರಡನೇ ನಿಮಿಷಕ್ಕೇ ಅತ್ತರು, ಆಗಿನ್ನೂ ಪರದೆ ಮೇಲೆ ಹೆಸರುಗಳು ಬರುತ್ತಿದ್ದವು. ಎರಡು, ಕೊನೆಯ ದೃಶ್ಯದಲ್ಲಿ ಗಾಳಿ ಸದ್ದಿಗೆ ಅಜ್ಜನ ಮಾತು ಒಂದಕ್ಷರ ತಿಳಿಯುವುದಿಲ್ಲ. ಮತ್ತೆ ಶೂಟ್ ಮಾಡೋಣ ಅಂದರೆ ಈಗ ಆಗಸ್ಟ್, ಆಲಮಟ್ಟಿಯ ನೀರು ಪೂರ್ತಿ ತುಂಬುವ ಮಟ್ಟ 519.60 ಮೀಟರ್ ಹತ್ತಿರ ಬಂದಿದೆ, ಅಜ್ಜ ನಿಂತಿದ್ದ ಜಾಗದಲ್ಲಿ ಈಗ ಮೀನು ಓಡಾಡುತ್ತಿವೆ. ಮುಂದಿನ ಬೇಸಿಗೆವರೆಗೆ ಕಾಯಬೇಕಾ? ನೋಡುತ್ತೇನೆ ಅನ್ನುವವರಿಗೆ ಲಿಂಕ್ ಕಳಿಸುತ್ತೇನೆ. ಬೈದರೂ ಪರವಾಗಿಲ್ಲ.

ಕತ್ತರಿ ಕೆಲಸ, ಬೆಳಗಾವಿ

ಲಿಂಕ್ ಸಿಕ್ಕಿತು, ನಿನ್ನೆ ರಾತ್ರಿ ನೋಡಿದೆ. ನಾನು ಹನ್ನೆರಡು ವರ್ಷದಿಂದ ಮದುವೆ ವಿಡಿಯೊ ಎಡಿಟ್ ಮಾಡುವವ, ದೊಡ್ಡ ಪಂಡಿತ ಅಲ್ಲ. ಆದರೆ ಮದುವೆ ವಿಡಿಯೊ ಒಂದು ಪಾಠ ಕಲಿಸುತ್ತದೆ. ಅದರಲ್ಲಿ ಇರುವವರಿಗೆ ಅದು ಯಾವತ್ತೂ ಬೋರ್ ಆಗುವುದಿಲ್ಲ. ನೀವು ಇಲ್ಲಿತನಕ ತೋರಿಸಿದ್ದು ಅಂಥವರಿಗೇ. ಒಂದೋ ನಟಿಸಿದವರು, ಇಲ್ಲಾ ನಟಿಸಿದವರ ಮನೆಯವರು.

ನಾನು ಮಾಡುವುದು ಹೀಗೆ. ಸಿನಿಮಾದ ಬಗ್ಗೆ ಏನೂ ಗೊತ್ತಿಲ್ಲದ ಐದಾರು ಜನರನ್ನು ಒಂದು ಕಡೆ ಕೂರಿಸಬೇಕು. ಮೊದಲು ಏನೂ ಹೇಳಬಾರದು, "ಇದು ಮೊಬೈಲಲ್ಲಿ ತೆಗೆದದ್ದು, ಸ್ವಲ್ಪ ಸೌಂಡ್ ಸರಿ ಇಲ್ಲ" ಅಂತ ಕೂಡ ಬೇಡ. ಆಮೇಲೆ ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಮೊಬೈಲ್ ತೆಗೆದರಾ, ಪಕ್ಕದವರ ಹತ್ತಿರ ಏನಾದರೂ ಕೇಳಿದರಾ, ಚಹಾ ಬಟ್ಟಲ ಕಡೆ ಕೈ ಹೋಯಿತಾ, ಎಷ್ಟನೇ ನಿಮಿಷ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಗಿದ ಮೇಲೆ "ಹೆಂಗಿತ್ತು" ಅಂತ ಕೇಳಿದರೆ ಕೆಲಸ ಕೆಟ್ಟಿತು, ಎದುರಿಗೆ ಕೂತವನಿಗೆ ಯಾರೂ ಕೆಟ್ಟದಾಗಿದೆ ಅನ್ನುವುದಿಲ್ಲ. "ಕಥೆ ಏನು, ನೀವೇ ಹೇಳ್ರಿ" ಅಂತ ಕೇಳಿ. ಅವರು ಹೇಳುವ ಕಥೆಗೂ ನಿಮ್ಮ ಕಥೆಗೂ ಎಲ್ಲಿ ತಾಳ ತಪ್ಪುತ್ತದೋ ಅಲ್ಲೇ ನಿಮ್ಮ ಕೆಲಸ ಬಾಕಿ ಇದೆ.

ನನ್ನ ಚೀಟಿ ಇದು. ಮೊದಲ ಮೂರು ನಿಮಿಷ ಬರೀ ಡ್ರೋನ್. ಹಿನ್ನೀರು, ಸೂರ್ಯ, ಕೊಕ್ಕರೆ, ಮತ್ತೆ ಹಿನ್ನೀರು. ಮದುವೆ ಫೋಟೊದವರು ಗೆಳೆಯ ಅಂದಿರಲ್ಲ, ಅವರ ಡ್ರೋನ್ ಅಂತ ತಿಳಿಯಿತು. ಚಂದ ಇದೆ, ಆದರೆ ಕಥೆ ಶುರುವಾಗುವುದು ಮೊಮ್ಮಗ ತಾಡಪತ್ರಿ ಎಳೆದಾಗ. ಆ ಧೂಳು ಏಳುವ ಶಾಟ್ ಇದೆ ನೋಡಿ, ಒಳಗಿಂದ ಅಳಿಲು ಓಡುತ್ತದೆ, ಅದೇ ನಿಮ್ಮ ಮೊದಲ ಶಾಟ್.

ಇನ್ನೊಂದು. ಮನೆಯೊಳಗಿನ ದೃಶ್ಯದಲ್ಲಿ ಟ್ಯೂಬ್‌ಲೈಟ್ ಮಿಣುಕುತ್ತಿದೆ. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಲಾಕ್ ಮಾಡಬೇಕು. ಆಟೋದಲ್ಲಿ ಬಿಟ್ಟರೆ ಮೊಬೈಲ್ ತನಗೆ ಬೇಕಾದ್ದು ಮಾಡುತ್ತದೆ.

ಸುಮ್ನೆ ನೋಡುವವ

10 ನಿಮಿಷಕ್ಕೆ ಇಳಿಸ್ರಿ. ಈಗ 16 ನಿಮಿಷ ಯಾರು ನೋಡುತ್ತಾರೆ? ಎಲ್ಲಾ ರೀಲ್ಸ್ ಕಾಲ.

ಹಿನ್ನೀರ ದಂಡೆ, ಬಾಗಲಕೋಟೆ

ಬೆಳಗಾವಿ ಅಣ್ಣಾ, ಡ್ರೋನ್ ತೆಗೆದರೆ ನಮ್ಮ ಗೆಳೆಯ ಮಾತು ಬಿಡುತ್ತಾನೆ, ಅವನು ಒಂದು ಮದುವೆ ಆರ್ಡರ್ ಬಿಟ್ಟು ಬಂದಿದ್ದ. ಆದರೂ ನೀವು ಹೇಳಿದ್ದು ನಿಜ.

10 ನಿಮಿಷ ಅಂದವರಿಗೆ: 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಯ ವಿದ್ಯಾರ್ಥಿಗಳ ಚಿತ್ರಗಳಿಗೆ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ, ಅದೂ 16 ನಿಮಿಷದ್ದೇ ಅಲ್ವಾ?

ಕತ್ತರಿ ಕೆಲಸ, ಬೆಳಗಾವಿ

ಅದು ಹೌದು ತಮ್ಮಾ, ಆದರೆ ಅವರು 16 ನಿಮಿಷಕ್ಕೂ ಸಾಮಾನು ತುಂಬಿದ್ದರು. ನಿಮ್ಮದರಲ್ಲಿ ಸಾಮಾನು ಇರುವುದು 12ಕ್ಕೆ. ಅಳತೆ ಹಿಡಿದು ಕತ್ತರಿಸಬೇಡಿ, ಬೇಡದ್ದನ್ನು ತೆಗೆಯಿರಿ, ಎಷ್ಟು ಉಳಿಯುತ್ತದೋ ಉಳಿಯಲಿ. ಡ್ರೋನ್ ಗೆಳೆಯನಿಗೆ ಕೊನೆಯಲ್ಲಿ ಹೆಸರು ಬರುವಾಗ ಹಿಂದೆ ಆ ಶಾಟ್ ಹಾಕಿ, ಸಮಾಧಾನ ಆಗುತ್ತದೆ. ನಾನು ಎಷ್ಟೋ ಮದುವೆಯಲ್ಲಿ ಸೋದರಮಾವಂದಿರನ್ನು ಹೀಗೇ ಸಮಾಧಾನ ಮಾಡಿದ್ದೇನೆ.

ಗುಮ್ಮಟದ ಕಿವಿ, ವಿಜಯಪುರ

ಸೌಂಡ್ ಬಗ್ಗೆ ನಾನು ಹೇಳುತ್ತೇನೆ. ಪಿಸುಮಾತು ಆಚೆ ಗೋಡೆಗೆ ಕೇಳುವ ಗೋಳಗುಮ್ಮಟದ ಊರಿನವ, ನಮಗೆ ಸದ್ದಿನ ಹುಚ್ಚು ಜಾಸ್ತಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಮುಂದಿನ ಸಲಕ್ಕೆ: ಮೈಕ್ ಬಾಯಿಯಿಂದ ಒಂದು ಗೇಣು ದೂರದಲ್ಲಿರಲಿ. ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ, ಗಾಳಿ ಸದ್ದು ಮಾತ್ರ ಅಷ್ಟೇ ಇರುತ್ತದೆ. ಹಿನ್ನೀರ ದಂಡೆಯಲ್ಲಿ ಗಾಳಿ ತಡೆಯಲು ಮೈಕಿಗೆ ಹಾಕುವ ಸ್ಪಂಜಿನ ಟೊಪ್ಪಿಗೆ ಸಾಕಾಗುವುದಿಲ್ಲ, ತುಪ್ಪಳದ್ದು ಬೇಕು. ದುಡ್ಡಿಲ್ಲ ಅಂದರೆ ಹಳೆ ಟೆಡ್ಡಿ ಬೇರ್ ಕತ್ತರಿಸಿ ಕಟ್ಟಿ. ನಾನು ತಂಗಿಯದು ಕತ್ತರಿಸಿ ಬೈಸಿಕೊಂಡಿದ್ದೇನೆ, ಆದರೆ ಕೆಲಸ ಮಾಡಿತು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಅರ್ಧ ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಮಾತಿನ ನಡುವೆ ತೂತು ಮುಚ್ಚಲು ಅದೇ ಬೇಕು.

ಈಗ ಇರುವ ಚಿತ್ರಕ್ಕೆ: ಡಬ್ಬಿಂಗ್ ಮಾಡಿ. ಸ್ಟುಡಿಯೊ ಬೇಡ. ರಾತ್ರಿ ಹನ್ನೊಂದರ ಮೇಲೆ ಫ್ಯಾನ್, ಫ್ರಿಜ್ ಬಂದ್ ಮಾಡಿ, ಮನೆಯಲ್ಲಿರುವ ಕೌದಿಗಳನ್ನೆಲ್ಲಾ ತಂದು ಮೂರು ಕಡೆ ಹಗ್ಗಕ್ಕೆ ಇಳಿಬಿಟ್ಟು ಒಳಗೆ ಕೂತು ಮಾತಾಡಿಸಿ. ನಮ್ಮ ಅವ್ವಂದಿರು ಹಳೆ ಸೀರೆ ಪದರ ಪದರ ಹೊಲಿದ ಕೌದಿ ಸದ್ದು ಕುಡಿಯುವಷ್ಟು ಪೇಟೆಯ ಫೋಮ್ ಕುಡಿಯುವುದಿಲ್ಲ, ಇದು ನನ್ನ ಅನುಭವ.

ನಾಲ್ಕನೇ ನಿಮಿಷದ ಉದ್ದನೆಯ ಶಾಟಿನಲ್ಲಿ ತುಟಿ ಮತ್ತು ಮಾತು ಮೆಲ್ಲಗೆ ದೂರವಾಗುತ್ತಿವೆ, ಗಮನಿಸಿದ್ರಾ? ಮೊಬೈಲ್ ಬಹಳ ಸಲ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಏರಿಳಿಸುತ್ತದೆ, ಬೇರೆ ರೆಕಾರ್ಡರಿನ ಸೌಂಡ್ ಹೊಂದುವುದಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಒಂದೇ ಸಮ (ಕಾನ್‌ಸ್ಟಂಟ್ ಫ್ರೇಮ್ ರೇಟ್) ಮಾಡಿಕೊಂಡು ಆಮೇಲೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ.

ಆದರೆ ಕೊನೆಯ ದೃಶ್ಯಕ್ಕೆ ಡಬ್ಬಿಂಗ್ ಬೇಡ ಅನ್ನುತ್ತೇನೆ. ನೀವು ಸ್ಕ್ರಿಪ್ಟ್ ಕಳಿಸಿದ್ದಿರಲ್ಲ, ಆ ಮಾತು ಓದಿದೆ. "ಬಾಗಿಲು ಅಲ್ಲೈತಿ, ಮನಿ ಇಲ್ಲೈತಿ, ನಾ ನಡುವ ನಿಂತೇನಿ." ಚಲೋ ಮಾತೇ. ಆದರೆ ಮುದುಕ ಹೊಸ್ತಿಲು ಇದ್ದ ಜಾಗಕ್ಕೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಡುತ್ತಾನಲ್ಲ, ಎದುರಿಗೆ ಗೋಡೆಯೂ ಇಲ್ಲ ಏನೂ ಇಲ್ಲ, ಅಷ್ಟರಲ್ಲೇ ಎಲ್ಲಾ ಹೇಳಿ ಆಯಿತು. ಆಮೇಲೆ ಬಾಯಿ ತೆರೆದರೆ ಹೇಳಿದ್ದನ್ನೇ ಹೇಳಿದಂತೆ. ಮಾತಾಡುವ ಶಾಟ್ ತೆಗೆದುಹಾಕಿ, ಬೆನ್ನ ಹಿಂದಿನ ಶಾಟ್ ಹಿಡಿಯಿರಿ, ಒಣ ಮಣ್ಣಿನ ಮೇಲೆ ಬರಿಗಾಲ ಸದ್ದು ಮನೆಯಲ್ಲೇ ರೆಕಾರ್ಡ್ ಮಾಡಿ ಸೇರಿಸಿ. ಮುಂದಿನ ಬೇಸಿಗೆ ಕಾಯುವ ಕೆಲಸ ಇಲ್ಲ.

ರಂಗದ ಅಕ್ಕ, ಬಾದಾಮಿ

ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಿಮ್ಮ ಅಜ್ಜನ ಪಾತ್ರ ಮಾಡಿದವರು ಕಂಪನಿ ನಾಟಕದವರು, ಹೌದಲ್ಲೋ? ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿ ಬೆಳೆದವಳು ನಾನು, ಆ ದನಿ ಬೇರೆ ಯಾರಿಗೂ ಬರುವುದಿಲ್ಲ. ಅವರು ಹಿಂದಿನ ಸಾಲಿನ ಗಿರಾಕಿಗೆ ಮಾತಾಡಿ ರೂಢಿ ಆದವರು, ನಿಮ್ಮ ಕ್ಯಾಮೆರಾ ಮೂರು ಅಡಿ ದೂರ ಇದೆ. ಮೊಮ್ಮಗನಿಗೆ "ಉಂಡ್ಯಾ?" ಅಂತ ಕೇಳುವುದೂ ಸವಾಲು ಹಾಕಿದಂತೆ ಕೇಳಿಸುತ್ತದೆ.

"ಸಣ್ಣಗೆ ಮಾತಾಡ್ರಿ" ಅಂದರೆ ಅವರಿಗೆ ಬೇಜಾರಾಗುತ್ತದೆ, ಮತ್ತೆ ದನಿ ಸತ್ತುಹೋಗುತ್ತದೆ. ಕೈಗೆ ಕೆಲಸ ಕೊಡಿ. ಶೇಂಗಾ ಸುಲಿಯುತ್ತಾ ಮಾತಾಡಲಿ. ಕೈ ಕೆಲಸದಲ್ಲಿದ್ದರೆ ಮಾತು ತಾನೇ ಮನೆ ಮಾತಾಗುತ್ತದೆ, ನಮ್ಮ ಹುಡುಗರಿಗೆ ಕಲಿಸುವಾಗ ನೂರು ಸಲ ನೋಡಿದ್ದೇನೆ.

ಸಿನಿಮಾ ಹಾಡಿನ ಕೊಳಲು ಹಿಂದೆ ಹಾಕಿದ್ದೀರಿ, ಅದನ್ನೂ ತೆಗೆಯಿರಿ. ಯೂಟ್ಯೂಬಿಗೆ ಹಾಕಿದರೆ ಹಕ್ಕಿನವರ ಕ್ಲೇಮ್ ಬರುತ್ತದೆ. ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇದ್ದರೆ ಈಗಲೇ ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಮೊದಲೇ ಆನ್‌ಲೈನಿಗೆ ಬಂದದ್ದನ್ನು ಕೆಲವು ಕಡೆ ತಗೊಳ್ಳುವುದಿಲ್ಲ. ಮುಂದೆ ಬಾದಾಮಿ ಗುಹೆ ಕಡೆ ಶೂಟಿಂಗಿಗೆ ಬರುವ ಯೋಚನೆ ಇದ್ದರೆ ಮುಂಚೆಯೇ ಅನುಮತಿ ತಗೊಳ್ಳಿ, ಸಂರಕ್ಷಿತ ಸ್ಮಾರಕದಲ್ಲಿ ಸುಮ್ನೆ ಟ್ರೈಪಾಡ್ ಬಿಚ್ಚಿ ನಿಲ್ಲಲು ಬರುವುದಿಲ್ಲ.

ಹಿನ್ನೀರ ದಂಡೆ, ಬಾಗಲಕೋಟೆ

ಹತ್ತು ದಿನ ಆಯಿತು, ಬಂದು ಹೇಳುತ್ತಿದ್ದೇನೆ.

ಡ್ರೋನ್ ಕೊನೆಗೆ ಹೋಯಿತು, ಗೆಳೆಯ ಎರಡು ದಿನ ಮಾತು ಬಿಟ್ಟು ಮೂರನೇ ದಿನ ಚಹಾಕ್ಕೆ ಬಂದ. ಈಗ 12 ನಿಮಿಷ 20 ಸೆಕೆಂಡ್. ಅಂಗಡಿ ಮುಚ್ಚಿದ ಮೇಲೆ ಆರು ಜನರನ್ನು ಕೂರಿಸಿ ತೋರಿಸಿದೆ. ಪಕ್ಕದ ಟೇಲರ್, ಔಷಧಿ ಕಂಪನಿಯ ಒಬ್ಬ ರೆಪ್, ವಿಜಯಪುರದಿಂದ ವರ್ಗ ಆಗಿ ಬಂದ ಮಾಸ್ತರು ಮತ್ತು ಅವರ ಮನೆಯವರು, ಇನ್ನಿಬ್ಬರು. ಬಾಯಿ ಮುಚ್ಚಿಕೊಂಡು ಮುಖ ನೋಡಿದೆ. ಕೊನೆಯ ದೃಶ್ಯದಲ್ಲಿ ಅಜ್ಜ ಮಾತಾಡುವುದಿಲ್ಲ ಈಗ. ಟೇಲರ್ ಕಾಕಾ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಾ ಇದ್ದವರು ಅಲ್ಲಿಗೆ ನಿಲ್ಲಿಸಿಬಿಟ್ಟರು.

"ಕಥೆ ಹೇಳ್ರಿ" ಅಂದೆ. ಬಾಗಲಕೋಟೆಯವರು ಮೂವರೂ ಸರಿಯಾಗಿ ಹೇಳಿದರು. ಮಾಸ್ತರ ಮನೆಯವರು ಮಾತ್ರ "ಅಜ್ಜ ಆ ಬಾಗಲಾ ಯಾರ ಮನಿಯಿಂದ ತಂದಾರ? ಮಾರಿದ್ರ ಏನಾಗ್ತಿತ್ತು?" ಅಂತ ಕೇಳಿದರು. ಆಗ ತಲೆಗೆ ಹೊಳೆಯಿತು, ಇಡೀ ಚಿತ್ರದಲ್ಲಿ ಮುಳುಗಡೆ ಅನ್ನುವ ಶಬ್ದವೇ ಇಲ್ಲ! ನಮಗೆಲ್ಲಾ ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿ, ಬರೆಯಬೇಕು ಅಂತಲೇ ಅನ್ನಿಸಿರಲಿಲ್ಲ. ಮನೆಯೊಳಗಿನ ದೃಶ್ಯ ಟ್ಯೂಬ್‌ಲೈಟ್ ಕಾರಣಕ್ಕೆ ಹೇಗೂ ಮತ್ತೆ ತೆಗೆಯಬೇಕು, ಅದರಲ್ಲಿ ಗಿರಾಕಿ ಬಾಯಿಂದ ಒಂದು ಮಾತು ಹೇಳಿಸುತ್ತೇವೆ. "ಮುಳುಗಡಿ ಮನಿದೇನ್ರಿ ಇದು? ಹಂಗಾರ ರೇಟ್ ಜಾಸ್ತಿ." ಸಾಕು ಅಲ್ವಾ?

ಅಜ್ಜನ ಪಾತ್ರದ ಕಾಕಾ ಶೇಂಗಾ ಸುಲಿಯಲು ಒಪ್ಪಿದ್ದಾರೆ. ಶನಿವಾರ ರಾತ್ರಿ ಉಳಿದ ದೃಶ್ಯಗಳ ಡಬ್ಬಿಂಗ್, ಎಂಟು ಕೌದಿ ಸಿಕ್ಕಿವೆ. ಡಬ್ಬಿಂಗಿಗೂ ಶೇಂಗಾ ಕೊಡಬೇಕಾ ಅಕ್ಕಾರ? ಸಿಪ್ಪೆ ಸದ್ದು ಮೈಕಿಗೆ ಬೀಳುತ್ತದೆ ಅಂತ ಹೆದರಿಕೆ.

ರಂಗದ ಅಕ್ಕ, ಬಾದಾಮಿ

ಡಬ್ಬಿಂಗಿಗೆ ಶೇಂಗಾ ಬೇಡೋ ತಮ್ಮಾ! ಕೈಗೆ ಬತ್ತಿ ಹೊಸೆಯಲು ಹತ್ತಿ ಕೊಡು, ಸದ್ದಿಲ್ಲ. ಶೇಂಗಾ ಆಮೇಲೆ ಎಲ್ಲರೂ ಕೂತು ತಿನ್ನಿ.