ಹುಣಸೆಮರದ ಬುಡದಲ್ಲಿ ಹಲಗೆ ಅಣಬೆ: ಗುರುತಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ದನಗಳಿಗೆ ನೆರಳಾಗಿರುವ ಹಳೆಯ ಹುಣಸೆಮರದ ಬುಡದಲ್ಲಿ, ನೆಲದಿಂದ ಗೇಣು ಮೇಲೆ, ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕೆಂಗಂದು ಅಣಬೆಗಳು ಒಂದರ ಮೇಲೊಂದು ಮೂಡಿವೆ. ಅವುಗಳ ಅಂಚು ಬೆಳ್ಳಗಿದೆ. ಬದುವಿನ ಜಾಲಿಯ ಕಾಂಡದ ಮೇಲೂ ಒಂದಿದ್ದು, ಅದು ಕಪ್ಪಾಗಿ ಬಿರಿದು ಬಹಳ ಗಟ್ಟಿಯಾಗಿದೆ. ಎರಡೂ ಒಂದೇ ಜಾತಿಯವೇ? ಕಿತ್ತು ಹಾಕಿದರೆ ಮರ ಉಳಿಯುವುದೇ?

ಉತ್ತರ: ನಮಸ್ಕಾರ. ನಿಮ್ಮ ವಿವರಣೆಯಂತೆ ಹುಣಸೆಯ ಮೇಲಿರುವುದು ಗ್ಯಾನೊಡರ್ಮಾ ಎಂಬ ಅಣಬೆ, ಜಾಲಿಯ ಮೇಲಿರುವುದು ಬಹುಮಟ್ಟಿಗೆ ಫೆಲ್ಲಿನಸ್ ಎಂಬ ಬೇರೆ ಗುಂಪಿನದು. ಮೇಲ್ಮೈಯ ಬಣ್ಣ ವಯಸ್ಸು ಮತ್ತು ಬಿಸಿಲಿನಿಂದ ಬದಲಾಗುವುದರಿಂದ ಅದೊಂದನ್ನೇ ನಂಬದೆ ಅಣಬೆಯ ತಳವನ್ನು ನೋಡಬೇಕು. ಗ್ಯಾನೊಡರ್ಮಾದ ಎಳೆಯ ತಳವು ಬೆಳ್ಳಗಿದ್ದು ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಉಗುರಿನಿಂದ ಗೀರಿದರೆ ಗೆರೆ ಕಂದಾಗುತ್ತದೆ. ಬಲಿತ ಮೇಲೆ ಅದರ ಬೀಜಕಣಗಳು ಕೆಳಸಾಲಿನ ಅಣಬೆಗಳ ಮೇಲೂ ಸುತ್ತಲಿನ ಹುಲ್ಲಿನ ಮೇಲೂ ಕಂದು ಪುಡಿಯಾಗಿ ಕೂರುತ್ತವೆ. ಅನೇಕರು ಇದನ್ನು ಧೂಳೆಂದು ಒರೆಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗುರುತಿಗೆ ಅದು ಬಹಳ ಒಳ್ಳೆಯ ಸಾಕ್ಷ್ಯ. ಫೆಲ್ಲಿನಸ್‌ನ ತಳವೂ ಒಳತಿರುಳೂ ತುಕ್ಕಿನ ಬಣ್ಣದವು, ಮತ್ತು ಅದು ಹಲವು ವರ್ಷ ಬದುಕಿ ರಂಧ್ರಗಳ ಹೊಸ ಪದರಗಳನ್ನು ಕೂಡಿಸಿಕೊಳ್ಳುತ್ತ ಹೋಗುತ್ತದೆ. ಒಣಕೊಂಬೆಯ ಮೇಲಿನ ಬೂದು-ಬಿಳಿಯ, ನವಿರು ರೋಮದ ಪುಟ್ಟ ಬೀಸಣಿಗೆಯ ತಳದಲ್ಲಿ ರಂಧ್ರಗಳ ಬದಲು ಉದ್ದಕ್ಕೆ ಸೀಳಿದ ಪಟ್ಟಿಗಳಿದ್ದರೆ ಅದು ಷೈಜೋಫಿಲಮ್ ಎಂಬ ಮತ್ತೊಂದು ಅಣಬೆ.

ಕಿತ್ತರೆ ಮರ ಗುಣವಾಗದು, ಏಕೆಂದರೆ ಶಿಲೀಂಧ್ರದ ಎಳೆಗಳು ಕಟ್ಟಿಗೆಯೊಳಗೆ ಹರಡಿರುತ್ತವೆ. ಗ್ಯಾನೊಡರ್ಮಾ ಬೇರು ಮತ್ತು ಬುಡದ ಕಟ್ಟಿಗೆಯನ್ನು ಕೊಳೆಸುವುದರಿಂದ, ಮೇಲೆ ಎಲೆ ಹಸಿರಾಗಿದ್ದರೂ ಗಾಳಿಮಳೆಗೆ ಮರ ಉರುಳಬಹುದು. ನನ್ನ ಸ್ಪಷ್ಟ ಸಲಹೆಯೆಂದರೆ, ಮೊದಲು ದನಗಳನ್ನು ಬೇರೆಡೆ ಕಟ್ಟಿರಿ. ಬಳಿಕ ಬುಡದ ಸುತ್ತ ಮರದ ಕೊಡತಿಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಎಷ್ಟು ದೂರದವರೆಗೆ ಬರುತ್ತದೆಂದು ಗುರುತು ಹಾಕಿರಿ. ಸದ್ದು ಗಟ್ಟಿಯಾಗಿ ಬಂದರೂ ಬೇರು ಸುರಕ್ಷಿತವೆಂದು ತಿಳಿಯಬಾರದು. ರೋಗವು ಬೇರಿನಿಂದ ಬೇರಿಗೆ ದಾಟುವುದರಿಂದ, ಪಕ್ಕದಲ್ಲಿ ಬೇರೆ ಮರಗಳಿದ್ದರೆ ನಡುವೆ ಕಂದಕ ತೋಡಿಸುವುದು ಒಳ್ಳೆಯದು.

ಮರುಪ್ರಶ್ನೆ: ಹುಣಸೆಯ ಈ ಅಣಬೆಯನ್ನು ಒಣಗಿಸಿ ಕಷಾಯ ಮಾಡಬಹುದು ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ನಿಜವೇ ಸರ್?

ಉತ್ತರ: ಬೇಡ. ಗ್ಯಾನೊಡರ್ಮಾದಲ್ಲಿ ಒಂದನ್ನೊಂದು ಹೋಲುವ ಪ್ರಭೇದಗಳು ಹಲವಿದ್ದು, ಕಣ್ಣಳತೆಯಿಂದ ಅವನ್ನು ಬೇರ್ಪಡಿಸಲಾಗದು. ಖಚಿತ ಹೆಸರು ಬೇಕಿದ್ದರೆ ಕಟ್ಟಿಗೆಯ ಚೂರಿನ ಸಮೇತ ಒಂದನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದ ಬದಲು ಕಾಗದದಲ್ಲಿ ಸುತ್ತಿ, ಮರದ ಹೆಸರು ಹಾಗೂ ನೆಲದಿಂದ ಇದ್ದ ಎತ್ತರವನ್ನು ಬರೆದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗದಲ್ಲಿ ವಿಚಾರಿಸಿರಿ.