ಆನ್‌ಲೈನ್ ಹರಾಜಲ್ಲಿ ಮಾರಿದ್ದಕ್ಕೆ ದುಡ್ಡು ಯಾವುದರಲ್ಲಿ ತಗೊಳ್ಳೋದು?

ಪ್ರಶ್ನೆ (ಸರಸ್ವತೀಪುರಂ, ಮೈಸೂರು)

ಮೇಡಂ, ನಮಸ್ಕಾರ. ನಮ್ಮ ತಂದೆಯವರು ಜೀವಮಾನವಿಡೀ ಕೂಡಿಟ್ಟ ಸ್ಟಾಂಪು, ನಾಣ್ಯಗಳನ್ನು ಒಂದೊಂದಾಗಿ ಆನ್‌ಲೈನ್ ಹರಾಜಿಗೆ ಹಾಕುತ್ತಿದ್ದೇನೆ. ಸ್ವಾತಂತ್ರ್ಯಾನಂತರದ ಫಸ್ಟ್ ಡೇ ಕವರುಗಳು (ಸ್ಟಾಂಪು ಬಿಡುಗಡೆಯಾದ ದಿನವೇ ಮುದ್ರೆ ಒತ್ತಿದ ಲಕೋಟೆಗಳು), ಮೈಸೂರು ಸಂಸ್ಥಾನದ ಛಾಪಾ ಕಾಗದಗಳು, ಟಿಪ್ಪು ಕಾಲದ ಕೆಲವು ಆನೆ ಕಾಸು ಇವೆ. ಇದುವರೆಗೆ ನನ್ನ ಮೊಬೈಲ್ ನಂಬರಿಗೇ ಯುಪಿಐ ಹಾಕಿಸಿಕೊಂಡಿದ್ದೇನೆ, ದುಡ್ಡು ಸಂಬಳದ ಖಾತೆಗೆ ಬರುತ್ತದೆ. ಈಗ ಕೆಲವರು ಕ್ರೆಡಿಟ್ ಕಾರ್ಡಲ್ಲಿ ಕೊಡುತ್ತೇವೆ ಅನ್ನುತ್ತಾರೆ. ಜರ್ಮನಿಯವರೊಬ್ಬರು ಪೇಪಾಲ್ (ಆನ್‌ಲೈನಲ್ಲಿ ದುಡ್ಡು ಕಳಿಸುವ ವಿದೇಶಿ ಸೇವೆ) ಇದೆಯಾ ಅಂತ ಕೇಳಿದ್ದಾರೆ. ಯಾವುದರಲ್ಲಿ ಕಮಿಷನ್ ಕಡಿಮೆ, ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ (ಚಾರ್ಟರ್ಡ್ ಅಕೌಂಟೆಂಟ್, ಮೈಸೂರು)

ಸರ್, ಕಮಿಷನ್ ಲೆಕ್ಕ ಆಮೇಲೆ ನೋಡೋಣ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನನ್ನ ಖಾತೆಗೆ ಬಂದ ದುಡ್ಡು ವಾಪಸ್ ಹೋಗಲು ಯಾವ ಯಾವ ದಾರಿ ಇದೆ, ಎಷ್ಟು ದಿನದವರೆಗೆ ಇದೆ? ಅಂಗಡಿಯಲ್ಲಾದರೆ ಗಿರಾಕಿ ಎದುರಿಗೇ ನಿಂತಿರುತ್ತಾರೆ, ಸಾಮಾನು ನೋಡಿ ಒಯ್ಯುತ್ತಾರೆ. ಹರಾಜಿನಲ್ಲಿ ಕೂಗಿದವರ ಮುಖ ನೀವು ನೋಡಿರುವುದಿಲ್ಲ, ವಸ್ತು ಒಂದೇ ಒಂದು ಇರುತ್ತದೆ, ಅದನ್ನು ಕಳಿಸಿಬಿಟ್ಟ ಮೇಲೆ ದುಡ್ಡೂ ವಾಪಸ್ ಹೋದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಎರಡು ಪರ್ಸೆಂಟ್ ಉಳಿಸುವುದಕ್ಕಿಂತ ಇದು ಮುಖ್ಯ.

ದೇಶದೊಳಗಿನ ಮಾರಾಟಕ್ಕೆ ಯುಪಿಐ ಸಾಕು, ಅದರಲ್ಲಿ ಅನುಮಾನ ಬೇಡ. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿಗಳ ಶುಲ್ಕವೇ ಇಲ್ಲ. ಕೊಟ್ಟವರು ತಾವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನು, ಕಾರ್ಡಿನಲ್ಲಿ ಆಗುವ ಹಾಗೆ, ‘ವಸ್ತು ಇಷ್ಟವಾಗಲಿಲ್ಲ’ ಅಂತ ಹೇಳಿ ಎಳೆದುಕೊಳ್ಳುವುದು ಸುಲಭವಲ್ಲ. ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ ಇದೆ. ಅದಕ್ಕಿಂತ ದೊಡ್ಡ ಬಿಡ್ ಆದರೆ ಬ್ಯಾಂಕ್ ಖಾತೆಯಿಂದ ಖಾತೆಗೇ ಹೋಗುವ ನೆಫ್ಟ್, 2 ಲಕ್ಷ ಮತ್ತು ಮೇಲಿನದಕ್ಕೆ ಆರ್‌ಟಿಜಿಎಸ್. ಎರಡೂ ಈಗ ಹಗಲು ರಾತ್ರಿ, ಭಾನುವಾರವೂ ನಡೆಯುತ್ತವೆ. ಮನೆಗೇ ಬಂದು ನಗದು ಕೊಡುತ್ತೇನೆ ಅನ್ನುವವರಿದ್ದರೆ ಒಂದು ವ್ಯವಹಾರಕ್ಕೆ 2 ಲಕ್ಷ ಮುಟ್ಟುವಷ್ಟು ನಗದು ತಗೊಳ್ಳಲೇಬೇಡಿ. ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡ ತಗೊಂಡವರ ಮೇಲೆ ಬೀಳುತ್ತದೆ.

ನೀವು ಬದಲಾಯಿಸಬೇಕಾದ್ದು ಯುಪಿಐಯನ್ನಲ್ಲ, ಖಾತೆಯನ್ನು. ಸಂಬಳದ ಖಾತೆಗೆ ಹರಾಜಿನ ದುಡ್ಡು ಬೇಡ. ಯಾಕೆಂದು ಹೇಳುತ್ತೇನೆ. ನನ್ನ ಕಕ್ಷಿದಾರರೊಬ್ಬರು, ಮಂಡಿ ಮೊಹಲ್ಲಾದವರು, ಹಳೆಯ ಗೋಡೆ ಗಡಿಯಾರವೊಂದನ್ನು ಹರಾಜಿನಲ್ಲಿ ಮಾರಿದರು. ಬಿಡ್ ಗೆದ್ದವರ ಹೆಸರು ಒಂದು, ದುಡ್ಡು ಬಂದಿದ್ದು ಇನ್ನೊಬ್ಬರ ಹೆಸರಿಂದ. ‘ನಮ್ಮ ಭಾವ ಹಾಕಿದ್ದಾರೆ’ ಅಂದರು, ಇವರು ನಂಬಿ ಗಡಿಯಾರ ಕಳಿಸಿದರು. ಕೆಲವು ವಾರ ಕಳೆದ ಮೇಲೆ ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಮೇಲೆ ಬ್ಯಾಂಕಿನವರು ಖಾತೆಯನ್ನು ತಡೆಹಿಡಿದರು. ಯಾರೋ ಮೋಸಹೋದವರ ದುಡ್ಡು ಮೂರ್ನಾಲ್ಕು ಕೈ ದಾಟಿ ಇವರ ಖಾತೆಗೆ ಬಂದಿತ್ತು. ಮನೆ ಸಾಲದ ಕಂತು ತಪ್ಪಿತು, ಮಗಳ ಕಾಲೇಜು ಫೀಸು ಕಟ್ಟಲಾಗಲಿಲ್ಲ. ಹರಾಜಿನ ಪುಟ, ಮಾತುಕತೆಯ ಸ್ಕ್ರೀನ್‌ಶಾಟು, ಬಿಲ್ಲು, ಸ್ಪೀಡ್ ಪೋಸ್ಟ್ ರಸೀದಿ ಎಲ್ಲ ಇದ್ದಿದ್ದರಿಂದ ಕೊನೆಗೆ ಬಿಡಿಸಿಕೊಂಡೆವು. ಅಷ್ಟರಲ್ಲಿ ಅವರು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ.

ಅದಕ್ಕೇ ಹೇಳುತ್ತೇನೆ: ಬೇರೆ ಖಾತೆ ತೆರೆಯಿರಿ, ಅದು ಕರೆಂಟ್ ಖಾತೆಯೇ (ವ್ಯಾಪಾರದ ವ್ಯವಹಾರಕ್ಕೆ ಬಳಸುವ ಖಾತೆ) ಆಗಲಿ, ಅದಕ್ಕೆ ವ್ಯಾಪಾರಿ ಕ್ಯೂಆರ್ ಮಾಡಿಸಿ. ಬಿಡ್ ಗೆದ್ದವರ ಹೆಸರು, ದುಡ್ಡು ಹಾಕಿದವರ ಹೆಸರು, ಪಾರ್ಸೆಲ್ ಹೋಗುವ ವಿಳಾಸದ ಹೆಸರು ಮೂರೂ ಒಂದೇ ಇರಬೇಕು ಅಂತ ಹರಾಜಿನ ವಿವರದಲ್ಲೇ ಮೊದಲೇ ಬರೆದುಬಿಡಿ. ಭಾವ, ಮೈದುನ, ಸ್ನೇಹಿತ ಅಂದರೆ ದುಡ್ಡು ಬಂದ ಖಾತೆಗೇ ವಾಪಸ್ ಕಳಿಸಿ, ಅವರದೇ ಖಾತೆಯಿಂದ ಹಾಕಲು ಹೇಳಿ. ನಿಷ್ಠುರ ಆಗುತ್ತದೆ, ಆಗಲಿ.

ಕಾರ್ಡಿನವರಿಗೆ ಪೇಮೆಂಟ್ ಗೇಟ್‌ವೇ ಬೇಕು, ಅಂದರೆ ಕಾರ್ಡಿನ ದುಡ್ಡನ್ನು ನಿಮ್ಮ ಪರವಾಗಿ ಕಟ್ಟಿಸಿಕೊಂಡು ಖಾತೆಗೆ ಹಾಕುವ ಕಂಪನಿ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು ಇಂಥವು. ವೆಬ್‌ಸೈಟ್ ಇಲ್ಲದಿದ್ದರೂ ಪೇಮೆಂಟ್ ಲಿಂಕ್ ಕಳಿಸಬಹುದು. ಸಾಧಾರಣ ದರ 2 ಪರ್ಸೆಂಟ್, ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 10,000 ರೂಪಾಯಿಯ ಬಿಡ್ಡಿಗೆ 200 ಶುಲ್ಕ, 36 ತೆರಿಗೆ, ನಿಮ್ಮ ಕೈಗೆ 9,764. ಅದೂ ಸಾಮಾನ್ಯವಾಗಿ ಎರಡು ಕೆಲಸದ ದಿನ ಕಳೆದ ಮೇಲೆ. ಆದರೆ ಕಾರ್ಡಿನಲ್ಲಿ ಕೊಟ್ಟವರು ಬ್ಯಾಂಕಿಗೆ ತಕರಾರು ಹಾಕಬಹುದು, ಸಾಮಾನ್ಯವಾಗಿ ನಾಲ್ಕು ತಿಂಗಳವರೆಗೂ ಆ ಬಾಗಿಲು ತೆರೆದಿರುತ್ತದೆ. ತಕರಾರು ಬಂತೆಂದರೆ ಪುರಾವೆ ಕೊಡಬೇಕಾದವರು ನೀವು. ನಿಮ್ಮದು ಒಂದೊಂದೇ ಇರುವ ವಸ್ತುಗಳಾದ್ದರಿಂದ ದುಬಾರಿ ನಾಣ್ಯಕ್ಕೆ ಕಾರ್ಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾವ ಗೇಟ್‌ವೇ ಆದರೂ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದವರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿಯೇ ಸೇರಿ. ಆ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇದೆ.

ಜರ್ಮನಿಯವರ ವಿಷಯ ದೊಡ್ಡದು, ಬೇರೆ ಬರೆಯುತ್ತೇನೆ.

ಕಾಮೆಂಟ್ (ಮದ್ದೂರು, ಮಂಡ್ಯ ಜಿಲ್ಲೆ)

ಅಕ್ಕ, ಇಷ್ಟೆಲ್ಲ ಯಾಕೆ ತಲೆನೋವು. ನಾವು ಊರಲ್ಲಿ ಸಿಗೋ ಹಳೇ ಹಿತ್ತಾಳೆ ಕೊಳಗ, ತಾಮ್ರದ ಹಂಡೆ ಹರಾಜಿಗೆ ಹಾಕ್ತೀವಿ. ಗೂಗಲ್ ಪೇ ಸ್ಕ್ರೀನ್‌ಶಾಟ್ ಕಳಿಸ್ತಾರೆ, ಬಸ್ಸಿಗೆ ಹಾಕ್ತೀವಿ, ಮುಗೀತು. ಮೊನ್ನೆ ಒಬ್ಬ ಮಾತ್ರ ‘ನಾನು ಕಳಿಸೋ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಗೆ ಬರುತ್ತೆ’ ಅಂದ. ಡೌಟ್ ಬಂದು ಬಿಟ್ಟೆ. ಅದು ಏನಕ್ಕ?

ಉತ್ತರ

ಬಿಟ್ಟಿದ್ದು ಒಳ್ಳೇದಾಯ್ತಪ್ಪ. ದುಡ್ಡು ತಗೊಳ್ಳೋಕೆ ಯುಪಿಐಯಲ್ಲಿ ಪಿನ್ ಯಾವತ್ತೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರೋದಿಲ್ಲ. ನಿಮ್ಮ ಮನೆಯವರಿಗೂ ಹೇಳಿ. ಹಾಗೆ ಯಾರಾದರೂ ಕಳಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಸ್ಕ್ರೀನ್‌ಶಾಟ್ ನೋಡಿ ಬಸ್ಸಿಗೆ ಹಾಕೋದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅಂಥ ಚಿತ್ರ ತಯಾರಿಸೋಕೆ ಆ್ಯಪ್‌ಗಳೇ ಇವೆ. ಬ್ಯಾಂಕಿನದೇ ಅನ್ನಿಸುವ ಸುಳ್ಳು ಮೆಸೇಜೂ ಬರುತ್ತದೆ. ಪ್ರತಿ ಯುಪಿಐ ವ್ಯವಹಾರಕ್ಕೆ 12 ಅಂಕಿಯ ಒಂದು ನಂಬರ್ ಇರುತ್ತದೆ. ಅವರು ಕಳಿಸಿದ ಚಿತ್ರದಲ್ಲಿರುವ ಆ 12 ಅಂಕಿಯೂ, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ನೋಡಿದಾಗ ಜಮಾ ಆದ ಸಾಲಿನಲ್ಲಿರುವ 12 ಅಂಕಿಯೂ ಒಂದೇನಾ ನೋಡಿ. ಒಂದೇ ಇದ್ದರೆ ಮಾತ್ರ ಹಂಡೆ ಬಸ್ಸು ಹತ್ತಲಿ. ಬಸ್ಸಿನ ಚೀಟಿಯಲ್ಲೂ ಕೊಂಡವರ ಹೆಸರು ಬರೆಸಿಕೊಳ್ಳಿ.

‘ತಪ್ಪಿ ಹೆಚ್ಚು ಹಾಕಿಬಿಟ್ಟೆ, ಉಳಿದದ್ದು ಈ ನಂಬರಿಗೆ ವಾಪಸ್ ಹಾಕಿ’ ಅನ್ನೋದೂ ಇದೇ ಜಾತಿ. ನಿಜವಾಗಿ ಹೆಚ್ಚು ಬಂದಿದ್ದರೂ ಬೇರೆ ನಂಬರಿಗೆ ಹಾಕಬೇಡಿ. ಬ್ಯಾಂಕಿಗೆ ಹೇಳಿ, ಬಂದ ಖಾತೆಗೇ ಹೋಗಲಿ.

ಕಾಮೆಂಟ್ (ಕುವೆಂಪುನಗರ, ಮೈಸೂರು)

ಮುಂಚೆ ಇಬೇ ಇಂಡಿಯಾದಲ್ಲಿ ಪೈಸಾಪೇ ಅಂತ ಇತ್ತು ಮೇಡಂ. ಕೊಂಡವರ ದುಡ್ಡು ಮೊದಲು ಅವರ ಹತ್ತಿರ ನಿಂತು ಆಮೇಲೆ ನಮಗೆ ಬರುತ್ತಿತ್ತು, ಇಬ್ಬರಿಗೂ ಧೈರ್ಯ ಇರುತ್ತಿತ್ತು. ಈಗ ಅಂಥದ್ದು ಯಾವುದಿದೆ?

ಉತ್ತರ

ಹೌದು ಸರ್, ಬಾಜೀ ಡಾಟ್ ಕಾಮ್ ಅನ್ನುವ ಇಲ್ಲಿನ ಹರಾಜು ತಾಣವನ್ನು 2004ರಲ್ಲಿ ಇಬೇ ಕೊಂಡ ಮೇಲಿನ ಕಾಲದ ವ್ಯವಸ್ಥೆ ಅದು. 2018ರ ಆಗಸ್ಟಿನಲ್ಲಿ ಇಬೇ ಇಂಡಿಯಾ ತಾಣವೇ ಮುಚ್ಚಿತು. ಹರಾಜು ನಡೆಸುವ ತಾಣವೇ ದುಡ್ಡು ಕಟ್ಟಿಸಿಕೊಂಡು, ಸಾಮಾನು ತಲುಪಿದ ಮೇಲೆ ಮಾರಿದವರಿಗೆ ಕೊಡುತ್ತದೆ ಅಂದರೆ, ಅದರ ಕಮಿಷನ್ ಸ್ವಲ್ಪ ಹೆಚ್ಚಾದರೂ ಅಲ್ಲಿ ಮಾರುವುದು ನನ್ನ ಪ್ರಕಾರ ಒಳ್ಳೆಯದು. ವಾಟ್ಸಾಪ್, ಫೇಸ್‌ಬುಕ್ ಗುಂಪುಗಳ ಹರಾಜಿನಲ್ಲಿ ಆ ಅನುಕೂಲ ಇಲ್ಲ. ಗುಂಪಿನ ಅಡ್ಮಿನ್ ‘ದುಡ್ಡು ನನ್ನ ಹತ್ತಿರ ಇರಲಿ’ ಅಂದರೆ ಒಪ್ಪಬೇಡಿ, ಎಷ್ಟೇ ಒಳ್ಳೆಯವರಾಗಿರಲಿ. ಊರವರ ದುಡ್ಡೆಲ್ಲ ಒಬ್ಬರ ಉಳಿತಾಯ ಖಾತೆಯಲ್ಲಿ ಓಡಾಡುವುದು ಅವರಿಗೂ ಅಪಾಯ.

ಉತ್ತರ ಮುಂದುವರಿದಿದೆ (ಜರ್ಮನಿಯ ಪ್ರಶ್ನೆಗೆ)

ಸರಸ್ವತೀಪುರಂನ ಸರ್, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ವಿದೇಶದಿಂದ ಬರುವ ದುಡ್ಡಿಗೆ ಮಾತ್ರ ಈಗಲೂ ಉಪಯೋಗ. ಪ್ಯಾನ್, ಬ್ಯಾಂಕ್ ಖಾತೆ, ಯಾವ ಉದ್ದೇಶದ ದುಡ್ಡು ಅನ್ನುವ ಸಂಕೇತ ಕೊಡಬೇಕು. ಬಂದ ದುಡ್ಡನ್ನು ಅಲ್ಲೇ ಇಟ್ಟುಕೊಳ್ಳಲು ಬರುವುದಿಲ್ಲ, ತಾನಾಗೇ ನಿಮ್ಮ ಬ್ಯಾಂಕಿಗೆ ಇಳಿಯುತ್ತದೆ. ಸಣ್ಣ ಮಾರಾಟಗಾರರಿಗೆ ಶುಲ್ಕ 4.4 ಪರ್ಸೆಂಟಿನ ಆಸುಪಾಸು, ಜೊತೆಗೆ ಪ್ರತಿ ವ್ಯವಹಾರಕ್ಕೆ ಒಂದಿಷ್ಟು ಸೆಂಟು. ಡಾಲರನ್ನು ರೂಪಾಯಿ ಮಾಡುವಾಗ ಮಾರುಕಟ್ಟೆ ದರಕ್ಕಿಂತ ಕಡಿಮೆ ದರ ಹಾಕುತ್ತಾರೆ. 100 ಡಾಲರಿಗೆ ಮಾರಿದರೆ ಒಟ್ಟಾರೆ ಏಳೆಂಟು ಡಾಲರ್ ಬಿಟ್ಟುಕೊಡಬೇಕಾಗುತ್ತದೆ ಅಂದುಕೊಂಡೇ ಮೂಲ ಬೆಲೆ ಇಡಿ.

ಅದರಲ್ಲೂ ಕೊಂಡವರಿಗೆ ತಕರಾರು ಹಾಕಲು 180 ದಿನ ಇದೆ. ನಿಮಗೆ ರಕ್ಷಣೆ ಸಿಗಬೇಕಾದರೆ ಪೇಪಾಲ್ ತೋರಿಸಿದ ವಿಳಾಸಕ್ಕೇ, ಟ್ರ್ಯಾಕಿಂಗ್ ಇರುವ ಪಾರ್ಸೆಲ್ಲಿನಲ್ಲೇ ಕಳಿಸಿರಬೇಕು. ‘ಸ್ನೇಹಿತರಿಗೆ ಕಳಿಸಿದ ಹಾಗೆ ಹಾಕ್ತೀನಿ, ಶುಲ್ಕ ಉಳಿಯುತ್ತೆ’ ಅಂತ ಆ ಜರ್ಮನಿಯವರು ಹೇಳಿದರೆ ಒಪ್ಪಬೇಡಿ. ಸರಕಿನ ಮಾರಾಟವನ್ನು ಸರಕಿನ ಮಾರಾಟ ಅಂತಲೇ ತೋರಿಸಬೇಕು, ಇಲ್ಲದಿದ್ದರೆ ಆ ರಕ್ಷಣೆಯೂ ಇಲ್ಲ, ಬ್ಯಾಂಕಿನ ಕಾಗದವೂ ಸರಿಯಾಗಿರುವುದಿಲ್ಲ. ಇಬೇಯ ವಿದೇಶಿ ತಾಣದಲ್ಲಿ ಮಾರಿದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಕೊಂಡವರು ಇಬೇಗೆ ಕಟ್ಟುತ್ತಾರೆ, ಭಾರತದ ಮಾರಾಟಗಾರರಿಗೆ ಅದು ಪೇಯೊನೀರ್ ಅನ್ನುವ ಇನ್ನೊಂದು ಪಾವತಿ ಕಂಪನಿಯ ಮೂಲಕ ಬರುತ್ತದೆ. ಹೊಸಬರಿಗೆ ನಾನು ಇದನ್ನೇ ಹೇಳುತ್ತೇನೆ. ವ್ಯಾಪಾರವಾಗಿ ವಿದೇಶಕ್ಕೆ ಕಳಿಸುವವರಿಗೆ ಐಇಸಿ (ಆಮದು-ರಫ್ತು) ಸಂಖ್ಯೆ ಬೇಕು, ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯ ಡಿಜಿಎಫ್‌ಟಿ ತಾಣದಲ್ಲಿ 500 ರೂಪಾಯಿಗೆ ಸಿಗುತ್ತದೆ.

ಆದರೆ ಸರ್, ಪೇಪಾಲ್‌ಗಿಂತ ಮುಂಚೆ ಯೋಚಿಸಬೇಕಾದ್ದು ನೀವು ಬರೆದಿರುವ ಆನೆ ಕಾಸಿನ ಬಗ್ಗೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ಕಾಸು 200 ವರ್ಷ ದಾಟಿದ್ದು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿ ಸಿಕ್ಕಿಬಿದ್ದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಐತಿಹಾಸಿಕ ಮಹತ್ವದ ದಾಖಲೆ ಪತ್ರಗಳಿಗೆ 75 ವರ್ಷವೇ ಸಾಕು, ಹಾಗಾಗಿ ಸಂಸ್ಥಾನದ ಛಾಪಾ ಕಾಗದಗಳಲ್ಲೂ ಎಚ್ಚರ ಬೇಕು. ಸಂಶಯ ಇದ್ದ ವಸ್ತುವಿಗೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚೀನ ವಸ್ತುವಲ್ಲ’ ಅನ್ನುವ ಪ್ರಮಾಣಪತ್ರ ಪಡೆದೇ ಮುಂದುವರಿಯಿರಿ. ಇಂಥ ವಸ್ತುಗಳನ್ನು ದೇಶದೊಳಗೆ ವ್ಯಾಪಾರವಾಗಿ ಮಾರುವವರಿಗೂ ಪರವಾನಗಿ ಬೇಕು. ಜರ್ಮನಿಯವರಿಗೆ ಈಚಿನ ಸ್ಟಾಂಪು, ಲಕೋಟೆಗಳನ್ನು ಮಾರಿ, ಆನೆ ಕಾಸು ಇಲ್ಲೇ ಇರಲಿ.

ಕಾಮೆಂಟ್ (ಸರಸ್ವತೀಪುರಂ, ಪ್ರಶ್ನೆ ಕೇಳಿದವರು)

ಮೇಡಂ, ಕಾಸಿನ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಉಪಕಾರವಾಯಿತು. ಇನ್ನೊಂದು ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿಯವರಿಗೆ, ಕಾಂಡಿಮೆಂಟ್ಸಿನವರಿಗೆ ವಾಣಿಜ್ಯ ತೆರಿಗೆ ನೋಟಿಸು ಬಂತಲ್ಲ. ನನಗೂ ಬರುತ್ತಾ? ನಗದೇ ವಾಸಿನಾ?

ಉತ್ತರ

ನೋಟಿಸಿಗೆ ಹೆದರಿ ನಗದಿಗೆ ಹೋಗಬೇಡಿ ಸರ್. ಖಾತೆಯಲ್ಲಿ ದಾಖಲಾದ ದುಡ್ಡಿಗೆ ವಿವರಣೆ ಕೊಡಬಹುದು, ಲೆಕ್ಕವೇ ಇಲ್ಲದ ನಗದಿಗೆ ಏನು ವಿವರಣೆ ಕೊಡುತ್ತೀರಿ? ಆ ನೋಟಿಸುಗಳು ಬಂದಿದ್ದು ವಹಿವಾಟು ಜಿಎಸ್‌ಟಿ ನೋಂದಣಿ ಮಿತಿ ದಾಟಿದಂತೆ ಕಂಡವರಿಗೆ. ಸರಕಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ.

ಆದರೆ ಅನೇಕರು ಗಮನಿಸದ ಒಂದು ವಿಷಯ ಇದೆ. ಈ 40 ಲಕ್ಷದ ರಿಯಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ. ಮೈಸೂರಿನಲ್ಲಿ ಕೂತು ಕೋಲ್ಕತ್ತಾದವರಿಗೆ ವ್ಯಾಪಾರವಾಗಿ ತೆರಿಗೆಯುಳ್ಳ ಸರಕು ಮಾರಿದರೆ ಮೊತ್ತ ಎಷ್ಟೇ ಇರಲಿ ಜಿಎಸ್‌ಟಿ ನೋಂದಣಿ ಬೇಕು. ತಂದೆಯವರ ಸಂಗ್ರಹವನ್ನು ಒಮ್ಮೆ ಮಾರಿ ಮುಗಿಸುವುದು ಬೇರೆ, ಚಿಕ್ಕಗಡಿಯಾರದ ಹತ್ತಿರವೋ ಬೆಂಗಳೂರಲ್ಲೋ ಕೊಂಡು ಹರಾಜಿನಲ್ಲಿ ಲಾಭಕ್ಕೆ ಮಾರುತ್ತಾ ಹೋಗುವುದು ಬೇರೆ. ಎರಡನೆಯದು ವ್ಯಾಪಾರ. ನಿಮ್ಮದು ಮೊದಲನೆಯದೇ ಆಗಿದ್ದರೆ ಅದನ್ನು ತೋರಿಸುವ ಕಾಗದ ಇಟ್ಟುಕೊಳ್ಳಿ: ತಂದೆಯವರ ಕೈಬರಹದ ಪಟ್ಟಿ, ಆಲ್ಬಮ್ಮಿನ ಫೋಟೋ, ಪ್ರತಿ ಹರಾಜಿನ ಪುಟದ ಪ್ರತಿ. ಆಲ್ಬಮ್ ಬಿಡಿಸುವ ಮೊದಲೇ ಪುಟಪುಟದ ಫೋಟೋ ತೆಗೆದುಬಿಡಿ. ಸ್ಟಾಂಪು ಹೋದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ಕಾಮೆಂಟ್ (ಮದ್ದೂರು)

ಅಕ್ಕ ಕೊನೇದು. ಬಿಡ್ ಗೆದ್ದು ದುಡ್ಡೇ ಹಾಕದೆ ಸುಮ್ನಾಗೋರಿಗೆ ಏನ್ ಮಾಡೋದು?

ಉತ್ತರ

ದುಡ್ಡು ಹಾಕುವ ಗಡುವನ್ನು ಹರಾಜಿನ ವಿವರದಲ್ಲೇ ಬರೆಯಿರಿ, 48 ಗಂಟೆ ಸಾಕು. ದಾಟಿದರೆ ಒಂದು ಸಲ ಕೇಳಿ, ಆಮೇಲೆ ಎರಡನೇ ಬಿಡ್ಡಿನವರಿಗೆ ಅವರದೇ ಬೆಲೆಗೆ ಕೊಡಿ. ಮುಂಗಡ ಅಂತ ಗುಂಪಿನಲ್ಲಿ ಎಲ್ಲರಿಂದ ದುಡ್ಡು ಹಾಕಿಸಿಕೊಳ್ಳಲು ಹೋಗಬೇಡಿ. ಸೋತವರಿಗೆಲ್ಲ ವಾಪಸ್ ಹಾಕುವಷ್ಟರಲ್ಲಿ ಖಾತೆ ತುಂಬಾ ಗೊತ್ತಿಲ್ಲದವರ ಹೆಸರುಗಳು ಬಂದು ಹೋಗಿರುತ್ತವೆ, ಬ್ಯಾಂಕಿನವರು ಪ್ರಶ್ನೆ ಕೇಳುವುದು ಅಂಥ ಖಾತೆಗಳನ್ನೇ.