ಪದಚರ್ಚೆ (ತುರ್ತು): ‘ಬ್ರೆಸ್ಟ್‌ವರ್ಕ್ ಮಾನಿಟರ್’ಗೆ ಕನ್ನಡದಲ್ಲಿ ಏನೆನ್ನೋಣ?

ಮೆಲ್ಬರ್ನ್‌ನಿಂದ:
ಬಲ್ಲವರಿಗೆ ನಮಸ್ಕಾರ. ಇಲ್ಲಿನ ಕನ್ನಡ ಶಾಲೆಯ ಮಕ್ಕಳನ್ನು ಬ್ಲ್ಯಾಕ್ ರಾಕ್ ಬಳಿಯ ಹಾಫ್ ಮೂನ್ ಬೇ ದಂಡೆಗೆ ಕರೆದೊಯ್ಯುತ್ತಿದ್ದೇವೆ. ದಂಡೆಯಲ್ಲಿ ನಿಂತರೆ ನೀರಿನಲ್ಲಿ ತುಕ್ಕು ಹಿಡಿದ ಹಳೆಯ ಯುದ್ಧದ ಹಡಗೊಂದು ಕಾಣುತ್ತದೆ. ಅದೇ ‘ಸರ್ಬೆರಸ್’. ವಿಕ್ಟೋರಿಯಾ ವಸಾಹತಿನ ಕರಾವಳಿ ಕಾವಲಿಗೆಂದು ಇಂಗ್ಲೆಂಡಿನ ಜಾರೋದಲ್ಲಿ ಕಟ್ಟಿ, 1868ರ ಡಿಸೆಂಬರಿನಲ್ಲಿ ನೀರಿಗಿಳಿಸಿದ ಹಡಗು ಅದು. 1871ರ ಏಪ್ರಿಲಿನಲ್ಲಿ ಇಲ್ಲಿಗೆ ಬಂತು. ಒಂದು ಹಾಳೆಯ ಟಿಪ್ಪಣಿ ಬರೆದಿದ್ದೇನೆ, ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಹಡಗಿನ ಜಾತಿಯ ಹೆಸರಾದ ‘ಬ್ರೆಸ್ಟ್‌ವರ್ಕ್ ಮಾನಿಟರ್’ಗೂ ಫಿರಂಗಿ ಕೂರಿಸುವ, ಸುತ್ತ ತಿರುಗುವ ‘ಟರೆಟ್’ಗೂ ಪದ ಬೇಕು. ಬರೀ ಮಾನಿಟರ್ ಎಂದರೆ ಮಕ್ಕಳು ತರಗತಿಯ ಮಾನಿಟರ್ ಎಂದುಕೊಂಡಾರು.

ಮೈಸೂರಿನಿಂದ:
ಹಾಗೆ ಅಂದುಕೊಂಡರೆ ಒಳ್ಳೆಯದೇ, ಮೂಲವೂ ಅದೇ. ಅಮೆರಿಕದ ಅಂತರ್ಯುದ್ಧದಲ್ಲಿ ಎಂಜಿನಿಯರ್ ಎರಿಕ್ಸನ್ ಉತ್ತರದವರಿಗಾಗಿ ಕಟ್ಟಿದ ಕಬ್ಬಿಣದ ಹಡಗಿಗೆ ಆ ಹೆಸರನ್ನು ಸೂಚಿಸಿದವನು ಅವನೇ. ದಂಗೆಯೆದ್ದ ದಕ್ಷಿಣದ ನಾಯಕರಿಗೆ ಇದು ಬುದ್ಧಿ ಕಲಿಸುತ್ತದೆ, ಲಂಡನ್ನಿನ ನೌಕಾಡಳಿತದ ದೊರೆಗಳಿಗೂ ಎಚ್ಚರಿಕೆಯಾಗುತ್ತದೆ ಎಂಬ ಅರ್ಥದಲ್ಲಿ 1862ರ ಜನವರಿಯಲ್ಲಿ ಬರೆದ. ಅದೇ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ದಕ್ಷಿಣದವರ ಕಬ್ಬಿಣದ ಹಡಗು ‘ವರ್ಜೀನಿಯ’ದ ಎದುರು ನಿಂತು ಕಾದಾಡಿದ ಮೇಲೆ ಅಂಕಿತನಾಮ ರೂಢನಾಮವಾಯಿತು. ಆರೇ ವರ್ಷಕ್ಕೆ ಲಂಡನ್ನಿನ ಅದೇ ದೊರೆಗಳು ಆ ಜಾತಿಯ ಹಡಗು ಕಟ್ಟಿಸುತ್ತಿದ್ದರು! ಮಾನಿಟರ್ ಎಂದೇ ಇರಲಿ.

ಬ್ರೆಸ್ಟ್‌ವರ್ಕ್ ಬೇರೆ ಮಾತು. ಎರಿಕ್ಸನ್ನನ ಹಡಗಿನ ಅಟ್ಟ (ಡೆಕ್) ನೀರಿನ ಮಟ್ಟಕ್ಕೇ ಇತ್ತು. ತೆರೆದ ಕಡಲಿಗೆ ಅದು ಆಗದು. ಆ ವರ್ಷದ ಕೊನೆಯ ದಿನವೇ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಬ್ರಿಟನ್ನಿನ ಹಡಗು ವಿನ್ಯಾಸಕ ಎಡ್ವರ್ಡ್ ರೀಡ್ ತಗ್ಗಾದ ಅಟ್ಟವನ್ನು ಹಾಗೆಯೇ ಉಳಿಸಿಕೊಂಡು, ನಡುಭಾಗದಲ್ಲಿ ಮಾತ್ರ ದಪ್ಪ ಕಬ್ಬಿಣದ ಗೋಡೆ ಎಬ್ಬಿಸಿದ. ಎರಡು ಟರೆಟ್‌ಗಳ ಬುಡ, ಹೊಗೆಕೊಳವೆಯ ಬುಡ, ಕೆಳಗಿಳಿಯುವ ಬಾಗಿಲುಗಳು ಎಲ್ಲವೂ ಆ ಗೋಡೆಯ ಒಳಗೆ. ಅಲೆ ಅಟ್ಟದ ಮೇಲೆ ಹರಿದುಹೋದರೂ ಒಳಗೆ ನೀರು ನುಗ್ಗದು. ‘ಒಳಗೋಟೆ’ ಸರಿಹೊಂದೀತು.

ಧಾರವಾಡದಿಂದ:
ಮೊದಲು ‘ಸರ್ಬೆರಸ್’ ಎಂಬ ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದಿಕೊಳ್ಳಿರಿ. ಗ್ರೀಕಿನಲ್ಲಿ ಕೆರ್ಬೆರೊಸ್, ಪಾತಾಳದ ಬಾಗಿಲು ಕಾಯುವ ನಾಯಿ. ಅದು ನಮ್ಮ ಶಬಲನೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನ ನಾಯಿಗಳನ್ನು ‘ಚತುರಕ್ಷೌ ಶಬಲೌ’ ಎಂದು ಕರೆದಿದೆ. ಮಕ್ಕಳಿಗೆ ತಿಳಿಸಬೇಕಾದದ್ದು ಇದು. ಬ್ರೆಸ್ಟ್‌ವರ್ಕ್‌ಗೆ ‘ಉರಸ್ತ್ರಾಣ’ (ಎದೆಗವಚ) ಇದೆ. ‘ಉರಸ್ತ್ರಾಣಯುಕ್ತ ತಟರಕ್ಷಕ ನೌಕೆ’ ಎಂದು ಬರೆಯಿರಿ.

ಕುಂದಾಪುರದಿಂದ:
ಶಬಲದ ವಿಷಯ ಹತ್ತೊಂಬತ್ತನೆಯ ಶತಮಾನದ ಊಹೆ. ಧ್ವನಿನಿಯಮಕ್ಕೆ ಒಗ್ಗುವುದಿಲ್ಲ. ಮುಗಿಯಿತು.

‘ಉರಸ್ತ್ರಾಣಯುಕ್ತ’ವನ್ನು ಓದಿ ಮುಗಿಸುವಷ್ಟರಲ್ಲಿ ಮಕ್ಕಳು ಬಸ್ ಹತ್ತಿರುತ್ತಾರೆ. ನೌಕೆ ಏಕೆ? ಪಡಗು ಹಡಗಾಗಿ ಕನ್ನಡದಲ್ಲಿ ಬಾಳುತ್ತಿರುವಾಗ ಸಂಸ್ಕೃತದ ಮನೆಗೆ ಸಾಲಕ್ಕೆ ಹೋಗಬೇಕೇ? ಒಳಗೋಟೆ ಹಡಗು ಸಾಕು. ಟರೆಟ್‌ಗೆ ‘ತಿರುಗುಕೊತ್ತಳ’. ಯಾರಾದರೂ ‘ಬುರುಜು’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಬ್ಬಿ.

ವಿಜಯಪುರದಿಂದ:
ಬುರುಜು ಎಂದೇ ಹೇಳುತ್ತೇನೆ. ನಮ್ಮಲ್ಲಿ ಮಲಿಕ್-ಎ-ಮೈದಾನ್ ತೋಪು ಕೂತಿರುವುದು ಶೆರ್ಜಾ ಬುರುಜಿನ ಮೇಲೆ. ‘ಕೊತ್ತಳ ಎಲ್ಲಿದೆ’ ಎಂದು ಕೇಳಿಕೊಂಡು ಹೊರಟರೆ ಟಾಂಗಾದವನು ನಿಮ್ಮನ್ನು ಊರೆಲ್ಲ ಸುತ್ತಿಸಿಯಾನು. ಬುರುಜು ಅರಬ್ಬಿ ಎಂದು ಹೊರಗಟ್ಟಿದವರು ಅದರ ಮೇಲೆ ಏನನ್ನು ಇಡುತ್ತಾರೆ? ತೋಪು ತುರ್ಕಿಯದು. ಫಿರಂಗಿ ಪಾರಸಿಯದು, ಫ್ರಾಂಕರ ಹೆಸರಿನಿಂದ ಬಂದದ್ದು. ಸರ್ಬೆರಸ್‌ನಲ್ಲಿ ಒಂದೊಂದು ಟರೆಟ್‌ಗೆ ಎರಡರಂತೆ ನಾಲ್ಕು ಇದ್ದವು. ಒಂದೊಂದರ ತೂಕ 18 ಟನ್, ಬಾಯಗಲ 10 ಅಂಗುಲ, ಮದ್ದುಗುಂಡು ತುಂಬುತ್ತಿದ್ದದ್ದು ಬಾಯಿಯ ಕಡೆಯಿಂದ. ಇವಕ್ಕೆ ಅಚ್ಚಗನ್ನಡದ ಪದ ಹುಟ್ಟುವವರೆಗೆ ಮಕ್ಕಳು ದಂಡೆಯಲ್ಲೇ ಕಾಯಬೇಕೇ?

ಮುಂಬಯಿಯಿಂದ:
ಜಗಳದ ನಡುವೆ ಒಂದು ಮಾತು. ಇದೇ ಮಾದರಿಯ ಇನ್ನೆರಡು ಹಡಗುಗಳು ನಮ್ಮ ಬಂದರಿನ ಕಾವಲಿಗೆ ಬಂದಿದ್ದವು: ‘ಮಗ್ದಾಲ’ ಮತ್ತು ‘ಅಬಿಸೀನಿಯ’. ಎರಡನ್ನೂ 1870ರಲ್ಲಿ ನೀರಿಗಿಳಿಸಿದರು. ಮಗ್ದಾಲ ಸರ್ಬೆರಸ್‌ನ ಒಡಹುಟ್ಟು, ಅಬಿಸೀನಿಯ ತುಸು ಚಿಕ್ಕದು. ಹೆಸರುಗಳು ಬ್ರಿಟಿಷರ 1868ರ ಅಬಿಸೀನಿಯ (ಇಂದಿನ ಇಥಿಯೋಪಿಯ) ದಂಡಯಾತ್ರೆಯವು. ಆ ದಂಡಿನಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳೇ, ಅವರಲ್ಲಿ ಅನೇಕರು ಇಲ್ಲಿಂದ ಹಡಗು ಹತ್ತಿದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡೂ ಗುಜರಿಗೆ ಹೋದವು. ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿ, ಕನ್ನಡದ ಮಕ್ಕಳಿಗೆ ಹಡಗು ಹತ್ತಿರವಾಗುತ್ತದೆ.

ಧಾರವಾಡದಿಂದ:
ಶಬಲವನ್ನು ಊಹೆ ಎಂದು ತಳ್ಳಿಹಾಕಿದವರು ಪ್ರಮಾಣ ಕೊಡಬೇಕು. ‘ಮುಗಿಯಿತು’ ಎನ್ನುವುದು ಪ್ರಮಾಣವಲ್ಲ.

ಮೆಲ್ಬರ್ನ್‌ನಿಂದ:
ಎಲ್ಲರಿಗೂ ವಂದನೆ. ‘ಒಳಗೋಟೆಯ ಮಾನಿಟರ್’, ‘ತಿರುಗುಬುರುಜು’ ಎಂದು ಹಾಕಿದ್ದೇನೆ. ‘ಸರ್ಬೆರಸ್’ ಹಾಗೆಯೇ ಇದೆ, ಇಲ್ಲಿನ ಫಲಕದಲ್ಲಿರುವ ಹೆಸರು ಅದು. ಮುಂಬಯಿಯ ಸಾಲೂ ಸೇರಿದೆ. ಇನ್ನೊಂದೇ ಪದ ಉಳಿದಿದೆ. ಗುಜರಿಗೆಂದು ಮಾರಿದ ಈ ಹಡಗಿನ ಒಡಲನ್ನು ಸ್ಥಳೀಯ ಪುರಸಭೆ ಕೊಂಡು, 1926ರಲ್ಲಿ ಬೇಕೆಂದೇ ಇಲ್ಲಿ ಮುಳುಗಿಸಿತು, ದೋಣಿಗಳಿಗೆ ಅಲೆಯ ಹೊಡೆತ ತಪ್ಪಲಿ ಎಂದು. 1993ರಲ್ಲಿ ಒಡಲು ಕುಸಿದು ಇನ್ನಷ್ಟು ಕೆಳಗಿಳಿದಿದೆ. ‘ಬ್ರೇಕ್‌ವಾಟರ್’ಗೆ ಏನು ಬರೆಯಲಿ?

ಕುಂದಾಪುರದಿಂದ:
ಅಲೆತಡೆಗೋಡೆ.

ವಿಜಯಪುರದಿಂದ:
ನಿಮ್ಮ ಗಂಗೊಳ್ಳಿಯ ಮೀನುಗಾರರು ಏನೆನ್ನುತ್ತಾರೆ?

ಕುಂದಾಪುರದಿಂದ:
ಬ್ರೇಕ್‌ವಾಟರ್ ಎನ್ನುತ್ತಾರೆ. ಅವರು ಮೀನು ಹಿಡಿಯುವವರು, ಪದ ಕಟ್ಟುವ ಹೊಣೆ ಅವರದಲ್ಲ.

ವಿಜಯಪುರದಿಂದ:
ಹಡಗು ಎಂಬ ಪದವನ್ನು ಕಡಲಿಗಿಳಿಯದವರು ಕಟ್ಟಿದರೇ?

ಧಾರವಾಡದಿಂದ:
ಪ್ರಮಾಣ ಇನ್ನೂ ಬಂದಿಲ್ಲ.